ಆರು ಗಂಟೆಯ ದಾರಿ, ಒಂದು ಬೀಗರೂಟ

ಬೆಳಗಿನ ಐದೂವರೆ. ದೇವನಹಳ್ಳಿ ವಿಮಾನ ನಿಲ್ದಾಣದ ಹಿಂಬದಿ ಗೇಟಿನಲ್ಲಿ ಪಿಳ್ಳಣ್ಣ ಒಂಬತ್ತು ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದಾರೆ. ಒಂದೊಂದನ್ನೂ ಮೆಲ್ಲಗೆ ಅಲುಗಾಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಒಳಗಿಡುತ್ತಾರೆ. ಒಡೆಯುವ ಸಾಮಾನೇ ಎಂದು ಕೇಳಿದರೆ, "ಅಲ್ಲ ಸಾರ್, ಗೆಜ್ಜೆ ಇದ್ಯಾ ಅಂತ. ಇದ್ರೆ ಅದನ್ನೇ ಮೊದಲು ಮುಟ್ಟಿಸ್ತೀನಿ" ಎನ್ನುತ್ತಾರೆ.

ಶಿವಮೊಗ್ಗಕ್ಕೆ ಹಾರುವುದು ಪುಟ್ಟ ವಿಮಾನ. ಭಾರ ಹೆಚ್ಚಾದ ದಿನ ಜನ ಹೋಗುತ್ತಾರೆ, ಕೆಲವರ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ. ಅವನ್ನು ಮನೆಮನೆಗೆ ಮುಟ್ಟಿಸುವವರು ಕುಂದಾಣದ ಐವತ್ತೆರಡರ ಈ ಮನುಷ್ಯ. ಎರಡು ನಿಲ್ದಾಣಗಳ ನಡುವೆ ವಿಮಾನಕ್ಕೆ ಒಂದು ಗಂಟೆ. ಇವರ ವ್ಯಾನಿಗೆ ದೊಡ್ಡಬಳ್ಳಾಪುರ, ತುಮಕೂರು, ಅರಸೀಕೆರೆ, ಕಡೂರು ಹಾದು ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್, ಆರು ಗಂಟೆ. ವಾರಕ್ಕೆ ನಾಲ್ಕು ಸಲ. ಮೊದಲು ರೇಷ್ಮೆಗೂಡಿನ ಟೆಂಪೊ ಓಡಿಸುತ್ತಿದ್ದರು. ಸೊಂಟ ಆಗಲೇ ಹೋಗಿದೆ. ಪೆಟ್ಟಿಗೆ ಬಂತೆಂದು ಯಾರಾದರೂ ಇವರ ಹೆಸರು ಕೇಳಿದ್ದುಂಟೇ? ತಡವಾಯಿತೆಂದು ಬೈದವರೇ ಎಲ್ಲ.

ಬೈಯದವರು ಒಬ್ಬರೇ. ಆ ಮಾತು ಬಂದರೆ ಪಿಳ್ಳಣ್ಣನ ಮುಖ ಬಾಡುತ್ತದೆ.

ಅದು ಹೋದ ಬೇಸಿಗೆ. ಅಂದು ಇದ್ದದ್ದು ಒಂದೇ ಪೆಟ್ಟಿಗೆ. ಹೊರಟಿದ್ದು ಹನ್ನೊಂದೂವರೆಗೆ. ಹಂಪ್ ಬಂದಾಗಲೆಲ್ಲ ಒಳಗೆ ಘಲ್ ಎನ್ನುತ್ತಿತ್ತು. ಪೆಟ್ಟಿಗೆಯವರು ಶಿವಮೊಗ್ಗದ ಕವಿತ ಎಂಬುವವರು. ಮಗಳು ಸಿಂಚನಳ ಭರತನಾಟ್ಯ ಸ್ಪರ್ಧೆ ಸಂಜೆ ಏಳಕ್ಕೆ, ಉಡುಪು, ಗೆಜ್ಜೆ ಎಲ್ಲ ಅದರಲ್ಲೇ ಇದೆ ಎಂದು ಫೋನ್ ಮಾಡಿದ್ದರು. "ಐದೂವರೆಗೆ ನಿಮ್ಮನೇಲಿರ್ತೀನಿ ಕಣಮ್ಮ" ಎಂದು ಇವರು ಮಾತು ಕೊಟ್ಟಿದ್ದರು. ಆದರೆ ಕುಂದಾಣದಲ್ಲಿ ಅಂದೇ ತಂಗಿ ನರಸಮ್ಮನ ಮಗಳ ಮದುವೆಯ ಬೀಗರೂಟ.

"ಎರಡು ತುತ್ತು ಅಂತ ಇಳಿದೆ ಸಾರ್. ಮುದ್ದೆ, ಬೋಟಿ ಗೊಜ್ಜು, ಮೇಲೆ ಬೀಗರ ಬಲವಂತ. ಎರಡು ಗಂಟೆ ಹೋಗೇಬಿಡ್ತು. ಮಧ್ಯೆ ಆಯಮ್ಮ ಫೋನ್ ಮಾಡಿದ್ರು. ಎಲೆ ಮುಂದೆ ಕೂತ್ಕೊಂಡೇ 'ತುಮಕೂರು ದಾಟ್ಬಿಟ್ಟೆ' ಅಂದೆ."

ತಲುಪಿದಾಗ ಏಳೂವರೆ. ಮುಖಕ್ಕೆ ಬಣ್ಣ ಹಚ್ಚಿಕೊಂಡ ಹತ್ತು ವರ್ಷದ ಹುಡುಗಿ ಹೊಸಿಲ ಮೇಲೆ ಕೂತಿದ್ದಳು. ಸ್ಪರ್ಧೆಯಲ್ಲಿ ಅವಳ ಹೆಸರು ಕೂಗಿ, ಬರಲಿಲ್ಲವೆಂದು ಮುಂದಿನವರನ್ನು ಕರೆದಾಗಿತ್ತು. ದಾರಿಯಲ್ಲಿ ಲಾರಿ ಅಡ್ಡ ಬಿದ್ದಿತ್ತು ಎಂದುಬಿಟ್ಟರು ಪಿಳ್ಳಣ್ಣ. ಕವಿತ ಬೈಯಲಿಲ್ಲ. "ಅಯ್ಯೋ ಪಾಪ, ಊಟಾನೂ ಮಾಡಿರಲ್ವೇನೋ" ಎಂದು ಒಳಗೆ ಕರೆದು ತಟ್ಟೆ ಹಾಕಿದರು. ಮಜ್ಜಿಗೆ ಬಡಿಸಿದ್ದು ಆ ಹುಡುಗಿ.

"ಹೊಟ್ಟೇಲಿ ಇನ್ನೂ ಬೀಗರೂಟ ಇತ್ತು ಸಾರ್. ಆದ್ರೂ ತಟ್ಟೆ ಮುಂದೆ ಕೂತೆ. ಥೂ, ನನ್ನ ಜನ್ಮಕ್ಕಿಷ್ಟು! ಆ ಮಗು 'ಇನ್ನೊಂಚೂರು ಹಾಕ್ಲಾ ಅಂಕಲ್' ಅಂತು. ತಲೆ ಎತ್ತಕ್ಕಾಗ್ಲಿಲ್ಲ."

ಅಂದಿನಿಂದ ಅವರು ನಡುದಾರಿಯಲ್ಲಿ ಊಟಕ್ಕೆ ಇಳಿದಿಲ್ಲ. ಈಗ ಇಂದಿನ ಪೆಟ್ಟಿಗೆಯವರೊಬ್ಬರ ಫೋನ್ ಬರುತ್ತದೆ. "ಇಲ್ಲ ತಾಯಿ, ಇನ್ನೂ ದೇವನಹಳ್ಳೀಲೇ ಇದ್ದೀನಿ" ಎಂದು ಹೇಳಿ, ಆ ಕಡೆಯ ಬೈಗುಳವನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಫೋಟೊಗೆ ನಿಲ್ಲಿ ಎಂದರೆ ಮೊದಲು ಹಿಂದೆ ಸರಿಯುತ್ತಾರೆ. ಆಮೇಲೆ ಏನೋ ನೆನಪಾಗಿ ಟೋಪಿ ತೆಗೆದು ಹತ್ತಿರ ಬರುತ್ತಾರೆ.

"ಹಾಕಿ ಸಾರ್, ಮುಖ ಕಾಣೋ ಹಂಗೆ ಹಾಕಿ. ಆ ಕವಿತಮ್ಮನ ಮನೆ ಟೀಪಾಯಿ ಮೇಲೆ ನಿಮ್ಮ ಪೇಪರ್ ನೋಡಿದ್ದೆ. ಲಾರಿ ಯಾವುದೂ ಬಿದ್ದಿರ್ಲಿಲ್ಲ ಅಂತ ಬರೀರಿ. ನಾನು ಉಣ್ತಾ ಕೂತಿದ್ದೆ ಅಂತ ಬರೀರಿ."