ಬಿಳಿ ಬಟ್ಟೆ ಮಡಚಿದಂತೆಯೇ ವಾಪಸ್ ಬಂತು

ಗೆಳೆಯರೇ, ಇವತ್ತು ನಾನಿರುವ ಈ ಪರದೇಶದ ಊರು ವಾಟರ್‌ಫರ್ಡ್‌ನ ಒಂದು ಲ್ಯಾಬಿಗೆ ನನ್ನ ಅಂಡಾಶಯವನ್ನು ವಾಪಸ್ ಕೇಳಲು ಹೋಗಿದ್ದೆ. ಈಚೆಗೆ ಆಪರೇಷನ್ ಮಾಡಿ ತೆಗೆದಾಗ ಸಂಶೋಧನೆಗೆ ಇಟ್ಟುಕೊಳ್ಳಿ ಎಂದು ಒಪ್ಪಿದವಳೂ ನಾನೇ. ಆದರೆ ಬೆಂಗಳೂರಿಂದ ಅಮ್ಮಿಯದು ದಿನಾ ಫೋನ್: "ಮೈಯಿಂದ ತೆಗೆದದ್ದು ಮಣ್ಣಿಗೆ ಸೇರ್ಬೇಕು ಕಣೇ." ಸುತ್ತಿ ತರಲು ಬ್ಯಾಗಲ್ಲಿ ಬಿಳಿ ಬಟ್ಟೆ ಇಟ್ಟುಕೊಂಡೇ ಹೊರಟೆ.

ಅಲ್ಲಿ ಕೆಲಸ ಮಾಡುವ ಮೈಸೂರಿನ ರಮ್ಯಾಳ ಮುಂದೆ ಬಟ್ಟೆ ತೆಗೆದಿಟ್ಟೆ. "ಕೊಡ್ತೀನಿ ಆಂಟಿ, ಮೊದ್ಲು ಒಂದ್ಸಲ ನೋಡಿ" ಎಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಕತ್ತಲೊಳಗೆ ಹಸಿರು ಚುಕ್ಕೆಗಳು ಹೊಳೆಯುತ್ತಿದ್ದವು.

"ನಾವು ಹಾಕಿರೋ ಬಣ್ಣಕ್ಕೆ ಹೊಳೀತಿರೋದೆಲ್ಲ ಜೀವ ಇರೋ ಕಣ. ಜೀನ್‌ಗಳು ಆನ್ ಆಗೇ ಇವೆ, ಪ್ರೋಟೀನ್ ಮಾಡ್ತಾನೇ ಇವೆ. ನಿಮ್ಮ ಹೊಟ್ಟೆ ಬಿಟ್ಟು ಬಂದಿದ್ದು ಇದಕ್ಕಿನ್ನೂ ಗೊತ್ತಿಲ್ಲ."

ನಾನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದೆ. "ಅಂದ್ರೆ, ಬದುಕಿರೋದನ್ನ ಹೂಳೋದೇನೇ?"

"ಅದು ನೀವೇ ಹೇಳ್ಬೇಕು ಆಂಟಿ."

ಮಡಚಿದ್ದ ಬಟ್ಟೆಯನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡೆ. "ಇರ್ಲಿ ಬಿಡು. ಅದು ಸತ್ತ ದಿನ ಫೋನ್ ಮಾಡು."

ವಾಪಸ್ ಬರುವಾಗ ಬಸ್ಸಲ್ಲಿ ಅಮ್ಮಿಯ ಫೋನ್: "ಮಣ್ಣು ಮಾಡಿದ್ಯಾ?"

"ಇಲ್ಲಮ್ಮಿ, ಅದಿನ್ನೂ ಡ್ಯೂಟಿ ಮೇಲೈತೆ."

ಈಗ ಫೋನ್ ರಿಂಗಾದಾಗಲೆಲ್ಲ ರಮ್ಯಾಳದೇನೋ ಅಂತ ಮೊದಲು ಹೆಸರು ನೋಡುತ್ತೇನೆ. ನಮ್ಮ ವಂಶದಲ್ಲಿ ತನ್ನದೇ ಸಾವಿನ ಸುದ್ದಿಗೆ ಕಾಯುತ್ತಾ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿರುವವಳು ನಾನೊಬ್ಬಳೇ.