ಶಾರವ್ವನ ಕಿರುಬೆರಳು

ನನ್ನ ನಾದಿನಿ ಶಾರವ್ವನ ಕೈ ಸರಿಯಿಲ್ಲ ಎಂದವರ ಬಾಯಿಗೆ ಮಣ್ಣು ತುರುಕಬೇಕೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಾನು ಮೂರನೇ ಇಯತ್ತೆ ದಾಟಿದವಳಲ್ಲ. ಆದರೆ ಯಾರ ತಪ್ಪನ್ನು ಯಾರ ತಲೆಗೆ ಕಟ್ಟಿದರು ಎಂಬುದನ್ನು ತಿಳಿಯಲು ಶಾಲೆ ಬೇಕಾಗಿಲ್ಲ.

ಶಾರವ್ವ ನನ್ನ ಗಂಡನ ಬೆನ್ನಿಗೆ ಹುಟ್ಟಿದ ತಂಗಿ. ಆಡೂರಿನ ನಮ್ಮ ಓಣಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣು ಅವಳೇ. ಎಪ್ಪತ್ತೆಂಟರ ಸುಮಾರಿಗೆ ಹಾನಗಲ್ಲಿನ ಪರಮೇಶಪ್ಪ ಮಾಸ್ತರರ ಟೈಪಿಂಗ್ ಕ್ಲಾಸಿಗೆ ಹೋಗತೊಡಗಿದಳು. ಮಾಸ್ತರರು ಕೀಲಿಗಳ ಮೇಲೆ ಕರಿ ಅರಿವೆ ಹೊದಿಸಿ ಹೊಡೆಸುತ್ತಿದ್ದರಂತೆ. ಕಣ್ಣು ನೋಡಬಾರದು, ಬೆರಳಿಗೇ ದಾರಿ ಗೊತ್ತಾಗಬೇಕು. ಮನೆಯಲ್ಲಿ ರೊಟ್ಟಿ ಬಡಿಯುವ ಹಲಗೆಯ ಮೇಲೂ ಅದೇ ಅಭ್ಯಾಸ.

"ಹಿಟ್ಟು ನಾದು ಅಂದ್ರ ತಬಲಾ ಬಾರಸ್ತೀಯಲ್ಲ, ಭಜನಿ ಮಂದಿಗೆ ಕೊಡಲೇನ ನಿನ್ನ?" ಎಂದು ನಮ್ಮ ಅತ್ತೆ ಬೈಯುತ್ತಿದ್ದಳು.

ಟೈಪಿನ ಮಷೀನಿನಲ್ಲಿ ಸಾಲು ಮುಗಿಯಲು ಬಂದಾಗ ಠಣ್ ಎಂದು ಗಂಟೆ ಬಾರಿಸುತ್ತದೆ. ಹೊಡೆಯುತ್ತಿದ್ದ ಪದ ಇನ್ನೂ ಮುಗಿದಿಲ್ಲವೆಂದರೆ ಎಡಗೈ ಕಿರುಬೆರಳಿನಿಂದ ಮೇಲಿನ ಮೂಲೆಯ ಕೀಲಿ ಒತ್ತಬೇಕು. ಆಗ ಉಳಿದ ಅಕ್ಷರಗಳಿಗೆ ಜಾಗ ಸಿಗುತ್ತದೆ. ಗಂಟೆ ಕೇಳಿತೆಂದರೆ ಬೆರಳು ಮೂಲೆಗೆ. ಇದನ್ನು ಶಾರವ್ವನೇ ನನಗೆ ತೋರಿಸಿದ್ದಳು. ಧೂಳು ಬಿದ್ದರೆ ಕಣ್ಣು ಮುಚ್ಚುವ ಹಾಗೆ ಅದು ಅವಳ ಮೈಗೆ ಹತ್ತಿಹೋಗಿತ್ತು.

ಆಮೇಲೆ ಹಿರೇಕೆರೂರಿನ ಒಂದು ಬೀಜದ ಕಂಪನಿಯಲ್ಲಿ ಟೈಪಿಸ್ಟ್ ಆದಳು. ನನ್ನ ಗಂಡ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡು, ಅದೇ ಕಂಪನಿಯ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಹಚ್ಚಿದಳು. ಮೇಲಿನ ಮಹಡಿಯಲ್ಲಿ ಅವಳ ಟಕಟಕ, ಕೆಳಗೆ ನನ್ನ ದಬ್ಬಣ. ಎಂಟೊಂಬತ್ತು ವರ್ಷ ಅವಳ ಕೈಯನ್ನು ಹೊಗಳದವರಿರಲಿಲ್ಲ.

ಎಂಬತ್ತೆಂಟರಲ್ಲಿ ಕಂಪ್ಯೂಟರ್ ಬಂತು. ತೆಂಗಿನಕಾಯಿ ಒಡೆದರು, ಚಪ್ಪಲಿ ಹೊರಗೆ ಬಿಡಿಸಿದರು. ಬೀಜ ಬೆಳೆಯುವ ರೈತರ ಹೆಸರು, ಊರು, ಹೊಲ ಎಲ್ಲ ಅದರಲ್ಲಿ ತುಂಬಬೇಕು. ಹುಬ್ಬಳ್ಳಿಯವನೊಬ್ಬ ಅದಕ್ಕೆ ಪ್ರೋಗ್ರಾಮು ಬರೆದುಕೊಟ್ಟಿದ್ದ. ಪರದೆಯ ತುಂಬ ಖಾನೆಗಳು. ಒಂದು ಊರಿನ ರೈತರನ್ನೆಲ್ಲ ತುಂಬಿ ಮುಗಿಸಿದ ಮೇಲೆಯೇ ಅದು ಒಳಗೆ ಉಳಿಯುತ್ತಿತ್ತು.

ನಮ್ಮ ಕಡೆಯ ಹೆಸರುಗಳೇನು ಗಿಡ್ಡವೇ? ಗುತ್ತೆಪ್ಪ ಮಲ್ಲೇಶಪ್ಪ ತಿಳವಳ್ಳಿ ಎಂದು ಹೊಡೆಯುವಷ್ಟರಲ್ಲಿ ಖಾನೆ ತುಂಬಿ ಆ ಮಷೀನೂ ಕುಂಯ್ ಎನ್ನುತ್ತಿತ್ತು. ಶಾರವ್ವನ ಕಿರುಬೆರಳು ತಾನಾಗಿಯೇ ಮೂಲೆಗೆ ಹೋಗುತ್ತಿತ್ತು. ಆದರೆ ಇಲ್ಲಿ ಆ ಮೂಲೆಯಲ್ಲಿದ್ದ ಕೀಲಿಯ ಕೆಲಸವೇ ಬೇರೆ. ನೀವು ಯಾವ ಖಾನೆಯಲ್ಲಾದರೂ ಇರಿ, ಅದನ್ನು ಒತ್ತಿದರೆ ಇಡೀ ಪರದೆ ಮುಚ್ಚಿಕೊಳ್ಳುತ್ತಿತ್ತು. ಬೆಳಗಿನಿಂದ ಹೊಡೆದದ್ದೆಲ್ಲ ಮಾಯ.

ಮೊದಲು ಹೋದದ್ದು ಚಿಕ್ಕೇರೂರು. ಆಫೀಸಿನ ಬಾಕಿನ ಮೇಲೆ ಆ ಊರಿನ ರೈತರೇ ಕೂತಿದ್ದರು. ಮ್ಯಾನೇಜರ್ ಅಜ್ಜಪ್ಪ ಬಂದು ನಿಂತ.

"ಚಿಕ್ಕೇರೂರು ಎಲ್ಲಿ ಶಾರವ್ವಾ?"

"ಹೋತ್ರಿ ಸಾಹೇಬರ."

"ಊರಿಗೆ ಊರ ಹೋತಂದ್ರ? ಕೆರಿ ಒಡೀತೇನು?"

ಬಾಕಿನವರೆಲ್ಲ ನಕ್ಕರು. "ಮಷೀನ್ ಹೊಸಾದೈತಿ, ನಿನ್ನ ಕೈ ಸರಿ ಇಲ್ಲ" ಎಂದು ಆತ ಕೂಗಿದ್ದು ಕೆಳಗೆ ಗೋದಾಮಿನ ತನಕ ಕೇಳಿಸಿತು.

ಮುಂದಿನ ವಾರ ಹುಬ್ಬಳ್ಳಿಯವನು ಬಂದಾಗ ಶಾರವ್ವ ಆ ಕೀಲಿಯನ್ನೇ ತೋರಿಸಿ ಕೇಳಿದಳು.

"ಅದು ಎಲ್ಲಿದ್ರೂ ನಡೀಲಿ ಅಂತ ನಾನ ಹಂಗ ಮಾಡೇನ್ರಿ" ಎಂದ ಅವನು. "ಒಮ್ಮೆ ಒತ್ತಿದ್ರ ಹೊರಗ ಬಂದಬಿಡಬಹುದು, ನೋಡ್ರಿ."

"ಮುಚ್ಚೂಕಿಂತ ಮೊದಲ ಮುಚ್ಚಲೇನು ಅಂತ ಒಂದು ಮಾತು ಕೇಳೂಹಂಗ ಮಾಡ್ರಿ."

"ಒತ್ತಬ್ಯಾಡ್ರಿ, ಮುಗೀತು. ಮಷೀನು ನಿಮ್ಮನ್ನ ಯಾಕ ಕೇಳಬೇಕ್ರಿ?"

ಯಾಕೆ ಕೇಳಬೇಕಂತೆ! ಕುರಿದೊಡ್ಡಿಯ ಬಾಗಿಲು ಹಾಕುವವನೂ ಒಮ್ಮೆ ಒಳಗೆ ಇಣುಕುತ್ತಾನೆ.

ಹತ್ತು ವರ್ಷದ ರೂಢಿ ಹತ್ತು ದಿನಕ್ಕೆ ಹೋದೀತೇ? ಶಾರವ್ವ ಹಳೇ ಸೀರೆಯ ಅಂಚು ಹರಿದು ಕಿರುಬೆರಳನ್ನು ಪಕ್ಕದ ಬೆರಳಿಗೆ ಬಿಗಿದು ಕಟ್ಟಿಕೊಂಡಳು. ಆದರೆ ಇಂಗ್ಲಿಷಿನ ‘ಎ’ ಅಕ್ಷರ ಹೊಡೆಯಬೇಕಾದದ್ದು ಅದೇ ಬೆರಳಿನಿಂದ. ನಮ್ಮವರ ಹೆಸರಿನಲ್ಲಿ ‘ಎ’ ಇಲ್ಲದ್ದು ಯಾವುದಿದೆ? ಕೆಲಸ ನಿಧಾನವಾಯಿತು. "ಆಮಿ ನಡದಂಗ ಹೊಡೀತಿ" ಎಂದು ಅದಕ್ಕೂ ಬೈದರು. ಅರಿವೆ ಬಿಚ್ಚಿದ ದಿನ ತಿಳವಳ್ಳಿ ಊರೂ ಹೋಯಿತು. ಸಂಜೆಯೊಳಗೆ ಅವಳ ಕುರ್ಚಿಯಲ್ಲಿ ಮ್ಯಾನೇಜರನ ತಂಗಿಯ ಮಗ ಕೂತ.

ಶಾರವ್ವ ಬುತ್ತಿ ಡಬ್ಬಿ ಹಿಡಿದು ಗೋದಾಮಿಗೆ ಇಳಿದು ಬಂದಳು.

"ವೈನಿ, ದಬ್ಬಣ ಕೊಡು."

"ಟೈಪ್ ಕಲ್ತ ಕೈಗೆ ದಬ್ಬಣ ಹೆಂಗ ಕೊಡಲೆವಾ?"

"ಕೊಡು, ಇದು ಹೇಳ್ದಂಗ ಕೇಳತೈತಿ" ಎಂದಳು. ಕೂಲಿ ಕೆಲಸವೆಂದು ಅವಳಿಗೆ ಅವಮಾನವಾಗಲಿಲ್ಲ. ಕೈ ಸರಿಯಿಲ್ಲವೆಂದು ನಾಲ್ಕು ಮಂದಿಯ ಎದುರು ಅಂದದ್ದೇ ಅವಮಾನವಾಗಿತ್ತು. ಉಣ್ಣಲು ಕೂತರೂ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು.

ಹೀಗೇ ತಿಂಗಳು ಕಳೆಯಿತು. ಒಂದು ದಿನ ಕಂಪನಿಯ ದೊಡ್ಡವರು ಬರುತ್ತಾರೆಂದು ಅಜ್ಜಪ್ಪ ತಾನೇ ಮಷೀನಿನ ಮುಂದೆ ಕೂತು ಒಂದೇ ಬೆರಳಿನಿಂದ ಮುಂಜಾನೆಯೆಲ್ಲ ಒಂದು ಊರು ತುಂಬಿದ. ಅವರು ಬಂದು ಹಿಂದೆ ನಿಂತಾಗ, ಅಜ್ಜಪ್ಪ ಎಲೆ ಅಡಿಕೆ ಹಾಕಿಕೊಂಡು, ಕೈಯಲ್ಲಿದ್ದ ಸುಣ್ಣದ ಡಬ್ಬಿಯನ್ನು ಕೀಲಿಗಳ ಅದೇ ಮೂಲೆಯ ಮೇಲೆ ಇಟ್ಟ. ಪರದೆ ಖಾಲಿ!

ಸಿಪಾಯಿ ಜಮಾಲಸಾಬ ನಗು ತಡೆಯಲಾಗದೆ ಓಡಿಬಂದು ನಮಗೆ ಹೇಳಿದ: "ಶಾರವ್ವಕ್ಕಾ, ಸಾಹೇಬರೂ ಕೆರಿ ಒಡದ್ರು!"

ಆಗ ಅಜ್ಜಪ್ಪ ಏನೆಂದ ಗೊತ್ತೇ? "ಎಂಥಾ ಅಡ್ನಾಡಿ ಮಷೀನ್ ಇದು!" ಎಂದ. ಅವಳದು ಹೋದಾಗ ಅವಳ ಕೈ ಕೆಟ್ಟದ್ದು, ಅವನದು ಹೋದಾಗ ಮಷೀನು ಕೆಟ್ಟದ್ದು. ಸಾಹೇಬರ ಡಬ್ಬಿ ಸರಿಯಿಲ್ಲ ಎಂದು ಯಾವನೂ ಅನ್ನಲಿಲ್ಲ. ಫೋನು ಹೋಯಿತು, ಮರುದಿನವೇ ಹುಬ್ಬಳ್ಳಿಯವನು ಬಂದ. ಅವನಿಗೆ ಕೊಟ್ಟ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಇನ್ನು ಮುಚ್ಚುವ ಮೊದಲು ಮಷೀನು ಕೇಳುತ್ತದಂತೆ. ಇಷ್ಟಕ್ಕೆ ನನ್ನ ನಾದಿನಿ ಬೆರಳು ಕಟ್ಟಿಕೊಂಡು ನೋಯಬೇಕಾಗಿತ್ತೇ?

ತಂಗಿಯ ಮಗನಿಗೆ ಟೈಪು ಬಾರದು, ಕೆಲಸ ಗುಡ್ಡದಷ್ಟು ಬಿದ್ದಿತ್ತು. ಶಾರವ್ವನಿಗೆ ಕರೆ ಬಂತು. ನಾನೂ ದಬ್ಬಣ ಹಿಡಿದುಕೊಂಡೇ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಬಾಕಿನ ಮೇಲೆ ರೈತರು ತುಂಬಿದ್ದರು.

"ಕುಂತಕೋವಾ. ಈಗ ರಿಪೇರಿ ಆಗೇತಿ" ಎಂದ ಅಜ್ಜಪ್ಪ.

ಅವಳು ಕೂರಲಿಲ್ಲ. "ಯಾವುದು ರಿಪೇರಿ ಆತ್ರಿ? ನನ್ನ ಕೈಯೋ, ಮಷೀನೋ?"

"ಆಗಿದ್ದು ಆಗಿಹೋತು, ಬಿಡು ಈಗ."

"ಹೇಳ್ರಿ ಸಾಹೇಬರ. ಹೇಳಿದ ಮ್ಯಾಲ ಕುಂದರ್ತೇನಿ."

ಆತ ಬಾಯೊಳಗೇ ಏನೋ ಗೊಣಗಿದ.

"ಹಿರೇರಿಗೆ ಕೇಳಸಲಿಲ್ರಿ" ಎಂದಳು ಶಾರವ್ವ, ಬಾಕಿನ ಕಡೆ ಎಡಗೈ ಚಾಚಿ. "ಅವತ್ತ ಗೋದಾಮಿನ ತನಕ ಕೇಳಸಿತ್ತು."

"ಮಷೀನಿಂದ ತಪ್ಪಿತ್ತು. ನಿನ್ನ ಕೈದಲ್ಲ. ಸಾಕಾ?" ಎಂದು ಅಜ್ಜಪ್ಪ ಕಿರುಚಿದ. ಹಾಗೆ ಹೇಳುವಾಗಲೂ ಅವಳ ಮುಖ ನೋಡಲಿಲ್ಲ, ಗೋಡೆ ನೋಡಿದ.

ಶಾರವ್ವ ಕುರ್ಚಿ ಎಳೆದುಕೊಂಡು ಕೂತಳು. ನಾನಾಗಿದ್ದರೆ ಗೋಡೆ ಬಿಟ್ಟು ನನ್ನನ್ನು ನೋಡಿ ಹೇಳ್ರಿ ಎಂದು ಇನ್ನೊಮ್ಮೆ ಹೇಳಿಸುತ್ತಿದ್ದೆ.