ಸೂರಿನ ಮರಳಿನಲ್ಲಿ ಅಮೆರಿಕನ್ ಬ್ರೇಕು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಗಲ್ಫಿನ ನಮ್ಮ ಊರು ಬೌಷರ್ ಬಿಟ್ಟೆವು. ಕಾರಿನಲ್ಲಿ ನಾವು ಮೂವರು, ಒಂದು ಮೈಕು, ಎರಡು ಡಜನ್ ಬಾಳೆಹಣ್ಣು ಮತ್ತು ಮೂರು ಜಾಹೀರಾತು. ನಮ್ಮ ಉಳಿದ ಫುಟ್‌ಬಾಲ್ ತಂಡ ತಲೆಗೆ ಮೂರು ರಿಯಾಲಿನಂತೆ ಹಾಕಿ ಮಿನಿ ಬಸ್ಸು ಹಿಡಿದಿತ್ತು. ಸೂರ್‌ಗೆ ಇನ್ನೂರು ಕಿಲೋಮೀಟರ್, ಪಂದ್ಯ ಅಲ್ಲಿನ ಮೀನುಗಾರರ ಜೊತೆ.

ಕಾರು ಓಡಿಸುತ್ತಿದ್ದವನು ಬೆಂಗಳೂರಿನ ಪ್ರಕಾಶ. ಆರು ವರ್ಷ ಅಮೆರಿಕದಲ್ಲಿದ್ದು ಬಂದವನು, ಈ ಸಲದ ವ್ಯವಸ್ಥಾಪಕ. ಪಕ್ಕದಲ್ಲಿ ಕಾಪುವಿನ ಸದಾನಂದಣ್ಣ. ಅಲ್ ಮವಾಲೇಹ್ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಈರುಳ್ಳಿ ಮಾರಿದವರು. ನಮ್ಮ ಫಾರ್ವರ್ಡ್ ಅವರೇ. ಸೂರಿನ ಮೀನುಗಾರರ ವಿರುದ್ಧ ಪ್ರತಿ ವರ್ಷ ತಪ್ಪದೆ ಆಡಿದ್ದಾರೆ, ಒಂದು ವರ್ಷವೂ ಗೋಲು ಹೊಡೆದಿಲ್ಲ. ಮುಂದಿನ ಗುರುವಾರ ಅವರ ವೀಸಾ ಖಲಾಸ್, ಊರಿಗೆ ವಾಪಸು. ಹೊಡೆಯುವುದಿದ್ದರೆ ಇಂದೇ ಹೊಡೆಯಬೇಕು. ನಾನು ಮೈಸೂರಿನವನು, ನನ್ನ ಕನ್ನಡ ಶುದ್ಧವಂತೆ. ಆ ಅಪವಾದದ ಮೇಲೆ ಜಾಹೀರಾತು ಓದುವ ಘನಕಾರ್ಯ ನನ್ನ ಪಾಲಿಗೆ ಬಂದಿತ್ತು.

ದಾರಿಯುದ್ದಕ್ಕೂ ಎಡಕ್ಕೆ ಕಡಲು, ಬಲಕ್ಕೆ ಬೋಳು ಬೆಟ್ಟ, ನಡುವೆ ಪ್ರಕಾಶನ ಉಪನ್ಯಾಸ. ಅಮೆರಿಕದಲ್ಲಿ ಒಂದು ಗಂಟೆಯ ಆಟವನ್ನು ಮೂರು ಗಂಟೆ ಆಡುತ್ತಾರಂತೆ. ಆಟ ನಿಂತಾಗಲೆಲ್ಲ ಜಾಹೀರಾತು, ಕುಣಿತ, ತಿಂಡಿ. ಯಾರಿಗೂ ನಷ್ಟವಿಲ್ಲ. ಆದ್ದರಿಂದ ಇಂದಿನ ಪಂದ್ಯವನ್ನೂ ನಾಲ್ಕು ಪಾಲು ಮಾಡಿ ಮೂರು ಬ್ರೇಕು ಇಟ್ಟಿದ್ದ. ಒಂದು ಸೂಪರ್‌ಮಾರ್ಕೆಟ್ಟಿಗೆ, ಒಂದು ದಂತವೈದ್ಯರಿಗೆ, ಕೊನೆಯದು ಟೈರ್ ಅಂಗಡಿಗೆ. ಫುಟ್‌ಬಾಲಿನಲ್ಲೂ ದುಡ್ಡಿನ ಹಾವಳಿ ಕಡಿಮೆಯೇನಿಲ್ಲವಲ್ಲ ಎಂದೂ ಸೇರಿಸಿದ. ಆ ಮಾತು ಸುಳ್ಳಲ್ಲ. ಸೂರಿನ ಮೀನುಗಾರರ ಅಂಗಿಯ ಎದೆಯ ಮೇಲೆಯೇ ದೋಣಿ ಎಂಜಿನ್ ಅಂಗಡಿಯ ಹೆಸರಿತ್ತು. ಆದರೆ ಆ ಹೆಸರು ಅವರ ಜೊತೆಗೆ ಓಡುತ್ತಿತ್ತು. ಜಾಹೀರಾತು ಆಟದ ಮೈಮೇಲೆ ಇರಲಿ, ಆಟದ ನಡುವೆ ಬಂದು ಕಾಲು ಚಾಚಿ ಕೂರಬಾರದು ಎಂಬುದು ನನ್ನ ಹಳೆಯ ಕಾಲದ ಸಿದ್ಧಾಂತ. ಕೈಯಲ್ಲಿ ಮೈಕು ಹಿಡಿದವನು ಅದನ್ನು ಹೇಳುವುದು ಚೆನ್ನಾಗಿರುವುದಿಲ್ಲವೆಂದು ಒಂದು ಬಾಳೆಹಣ್ಣು ಸುಲಿದೆ.

ಸೂರ್ ತಲುಪಿ ಅನ್ನ, ಹುರಿದ ಮೀನು ಉಂಡೆವು. ನನ್ನ ಪಾಲಿಗೆ ಬಾಳೆಹಣ್ಣು ಮತ್ತು ಮೊಸರು. ಅಂಗಣವೆಂದರೆ ಕಡಲು ಹಿಂದೆ ಸರಿದಾಗ ಸಿಗುವ ಗಟ್ಟಿ ಮರಳು. ರೆಫರಿ ಸಲೀಂ, ಬಿಳಿ ಗಡ್ಡದ ಹಳೆಯ ಮೀನುಗಾರ. ಮೂರೂವರೆಗೆ ಶುರು, ಐದರೊಳಗೆ ಮುಗಿಯಬೇಕು, ಆಮೇಲೆ ನೀರು ಬರುತ್ತದೆ ಎಂದು ಮೊದಲೇ ಹೇಳಿದ್ದರು. ಪ್ರಕಾಶ ತಲೆಯಾಡಿಸಿದ್ದ.

ಮೊದಲ ಬ್ರೇಕಿನಲ್ಲಿ ನಾನು ಸೂಪರ್‌ಮಾರ್ಕೆಟ್ಟಿನ ಅಕ್ಕಿಯನ್ನು ಹೊಗಳಿದೆ. ಎರಡನೆಯದರಲ್ಲಿ ದಂತವೈದ್ಯರನ್ನು ಹೊಗಳುವಾಗ ಮೀನುಗಾರರು ನನ್ನನ್ನು ಮಂತ್ರ ಹೇಳುವವನನ್ನು ನೋಡುವಂತೆ ಭಕ್ತಿಯಿಂದ ನೋಡುತ್ತಿದ್ದರು. ಐದು ನಿಮಿಷದ ಬ್ರೇಕುಗಳು ತಲಾ ಹದಿನೈದು ನಿಮಿಷಕ್ಕೆ ಹಿಗ್ಗಿದವು. ಐದಕ್ಕೆ ಹತ್ತು ನಿಮಿಷವಿದ್ದಾಗ ಮೂರನೆಯ ಪಾಲು ಮುಗಿಯಿತು. ಆಟ ಒಂದು–ಒಂದು, ನಮ್ಮ ಗೋಲು ಹೊಡೆದವರು ಸದಾನಂದಣ್ಣ ಅಲ್ಲ. ನೀರು ಆಗಲೇ ಒಂದು ಬದಿಯ ಗೆರೆ ಅಳಿಸಿತ್ತು.

ಮೂರನೆಯ ಬ್ರೇಕಿಗೆ ಪ್ರಕಾಶ ಕೈ ಎತ್ತಿದ. ಸಲೀಂ ಸೀಟಿಯನ್ನು ಬಾಯಿಂದ ತೆಗೆದು ಹಿಂದಿಯಲ್ಲಿ ಹೇಳಿದರು: “ದರಿಯಾ ಬ್ರೇಕ್ ನಹೀ ಲೇತಾ, ಭಾಯಿ.” ಕಡಲು ಬ್ರೇಕು ತೆಗೆದುಕೊಳ್ಳುವುದಿಲ್ಲವಂತೆ.

“ಸರ್, ಟೈರ್ ಅಂಗಡಿಯವರಿಗೆ ಮಾತು ಕೊಟ್ಟಿದೀನಿ. ಓದಿಬಿಡಿ, ಪ್ಲೀಸ್,” ಎಂದ ಪ್ರಕಾಶ ನನಗೆ.

ಪಾದ ಮುಳುಗುವ ನೀರಿನಲ್ಲಿ ನಿಂತಿದ್ದ ಸದಾನಂದಣ್ಣ ನನ್ನತ್ತ ನೋಡಿದರು. “ಎಂತ ಮಾರಾಯ್ರೆ, ನೀವು ಸಹ?”

ಮೈಕು ಆರಿಸಿ ಬಾಳೆಹಣ್ಣಿನ ಚೀಲಕ್ಕೆ ಹಾಕಿದೆ. ಸಲೀಂ ಸೀಟಿ ಊದಿದರು.

ಆಮೇಲೆ ನಡೆದದ್ದು ಫುಟ್‌ಬಾಲೋ ಮೀನುಗಾರಿಕೆಯೋ ಹೇಳಲಾರೆ. ಚೆಂಡು ತೇಲುತ್ತಿತ್ತು, ಆಟಗಾರರು ಜಾರುತ್ತಿದ್ದರು. ಸದಾನಂದಣ್ಣ ಹೇಗೋ ಮುಂದೆ ನುಗ್ಗಿ ಒದ್ದರು. ಗೋಲ್‌ಕೀಪರ್ ಎದುರಿಗೆ ಹಾರಿ ನೀರಿಗೆ ಬಿದ್ದ. ಚೆಂಡು ಅವನನ್ನು ದಾಟಿತು, ಗೆರೆಗೆ ಒಂದು ಮೊಳ ಈಚೆ ನಿಂತೇಬಿಟ್ಟಿತು. ಓರೆಯಾಗಿ ಒಂದು ಅಲೆ ಬಂದು ಅದನ್ನು ನಿಧಾನವಾಗಿ ಎರಡು ಕಂಬಗಳ ನಡುವೆ ಸೇರಿಸಿತು. ಮೀನುಗಾರರು ಸಲೀಂ ಅವರನ್ನು ಮುತ್ತಿದರು. ಅವರು ಗಡ್ಡ ನೀವಿಕೊಂಡು, ಇಷ್ಟು ವರ್ಷ ಕಡಲು ತಡೆದ ಚೆಂಡುಗಳ ಬಗ್ಗೆ ನೀವು ಯಾರೂ ತಕರಾರು ಮಾಡಲಿಲ್ಲವಲ್ಲ ಎಂದು ಕೇಳಿ, ನೀರಿನಡಿ ಇದ್ದ ಮಧ್ಯಬಿಂದುವಿನ ಕಡೆಗೆ ಕೈ ತೋರಿಸಿದರು. ಗೋಲು.

ವಾಪಸು ಬರುವಾಗ ಪ್ರಕಾಶ ಟೈರ್ ಅಂಗಡಿಯವರಿಗೆ ಹೇಳಬೇಕಾದ ನೆಪಗಳನ್ನು ಎಣಿಸುತ್ತಿದ್ದ. ಕೊಟ್ಟ ಮಾತು ಮಾತೇ ಎಂದು ನಾನು ಟೈರ್ ಜಾಹೀರಾತನ್ನು ಹಿಂದಿನ ಸೀಟಿನಿಂದಲೇ ಪೂರ್ತಿ ಓದಿದೆ. ಕೊನೆಗೆ ನನ್ನದೂ ಒಂದು ಸಾಲು ಸೇರಿಸಿದೆ: ಇಂದಿನ ಗೆಲುವಿನ ಗೋಲಿನ ಪ್ರಾಯೋಜಕರು, ಅರಬ್ಬಿ ಸಮುದ್ರ.

ಸದಾನಂದಣ್ಣ ತೊಡೆಯ ಮೇಲಿದ್ದ ಒದ್ದೆ ಚೆಂಡನ್ನು ಒರೆಸುತ್ತ ಹೇಳಿದರು: “ಅವರದ್ದೊಂದು ಬ್ರಾಂಚ್ ಕಾಪುವಿನಲ್ಲಿ ನಮ್ಮ ಮನೆ ಎದುರೇ ಉಂಟು. ಗುರುವಾರ ಹೋಗಿ ಥ್ಯಾಂಕ್ಸ್ ಹೇಳ್ತೇನೆ.”